ತೂಬು

ಕೌಲ್ ಬಜಾರಿನ ಹಿಂದುಗಡೆ, ತಗಡಿನ ಮಾಡು,
ಇಪ್ಪತ್ತೆರಡು ಮಿಷಿನ್ನು, ಎರಡೇ ಫ್ಯಾನು.
ಲೈನು ನೋಡಿಕೊಳ್ಳಲು ನಾನು ಬಂದ ದಿನ
ಮಹೇಂದ್ರಕರ್ ಮಾಲೀಕರು ಹೇಳಿದ್ದು ಇಷ್ಟೇ:
ಕಟಿಂಗಿನಿಂದ ದಿನಕ್ಕೆ ನಾನೂರು ಪ್ಯಾಂಟು ಇಳಿಯುತ್ತವೆ,
ಬಾಗಿಲು ದಾಟುವುದು ಇನ್ನೂರ ಹತ್ತು.
ಉಳಿದದ್ದು ಎಲ್ಲಿ ಹೋಗುತ್ತದೆ, ಹುಡುಕು.

ಎಲ್ಲಿಗೂ ಹೋಗಿರಲಿಲ್ಲ.
ಹುಲಿಗೆಮ್ಮನ ಎಡಕ್ಕೆ, ಅವಳ ಹೆಗಲೆತ್ತರ
ನೀಲಿ ಗುಡ್ಡವಾಗಿ ಕೂತಿತ್ತು.
ಸೊಂಟಪಟ್ಟಿ ಕೂಡಿಸುವ ಮಿಷಿನ್ನು
ಇಡೀ ಶೆಡ್ಡಿಗೆ ಅವಳದೊಂದೇ.
ಗುಡ್ಡದ ಮೇಲೆ ಬಾಯಿ ತೆರೆದು ಮಲಗಿದ್ದ
ಅವಳ ಮಗ ಎರ್ರಿಸ್ವಾಮಿ, ಎರಡು ವರ್ಷ.
ಬೆವರಿಗೆ ಬಣ್ಣ ಬಿಟ್ಟು
ಒಂದು ಕೆನ್ನೆ ನೀಲಿ.

ನಮ್ಮಪ್ಪ ಸಿರುಗುಪ್ಪದ ಕಡೆ ನೀರುಗಂಟಿ.
ಕಾಲುವೆ ಅಗಲ ಮಾಡಿಸಿ ಅಂತ
ಕೊನೆಯ ಗದ್ದೆಯವರು ಮೈಮೇಲೆ ಬಂದಾಗೆಲ್ಲ
ಬೀಡಿ ತೆಗೆಯದೆ ಅನ್ನುತ್ತಿದ್ದ:
“ಸಮುದ್ರಾನ ತಂದು ಬಿಡ್ರಪ್ಪ,
ತೂಬು ಬಿಟ್ಟಷ್ಟೇ ನೀರು.”

ಸೀಮೆಸುಣ್ಣದಲ್ಲಿ ನೆಲಕ್ಕೊಂದು ಸುತ್ತು ಬರೆದು
ಅದರೊಳಗೆ ನಿಂತೆ, ಬೆಳಗಿನಿಂದ ಸಂಜೆವರೆಗೆ.
ಒಗ್ಗರಣೆ-ಮಿರ್ಚಿಯ ಪೊಟ್ಟಣ ಬಂದರೂ ಕದಲಲಿಲ್ಲ.
“ಏನ್ ಸಾರ್, ಯಾರಾದ್ರೂ ಮಂತ್ರ ಹಾಕ್ಯಾರೇನು?”
ಅಂದಳು ಹುಲಿಗೆಮ್ಮ, ತಲೆ ಎತ್ತದೆ.

ಒಂದು ಪ್ಯಾಂಟಿಗೆ ನೂರಾ ಮೂವತ್ತೊಂಬತ್ತು ಸೆಕೆಂಡು.
ಅದರಲ್ಲಿ ಸೂಜಿ ಓಡಿದ್ದು ಐವತ್ತು.
ಮಿಕ್ಕದ್ದೆಲ್ಲ ಹುಡುಕಾಟ.
ಮೂವತ್ತೆರಡರ ಪ್ಯಾಂಟಿಗೆ ಮೂವತ್ತೆರಡರ ಪಟ್ಟಿ ಎಲ್ಲಿ,
ಕಂತೆಯ ಗಂಟು ಬಿಚ್ಚಲು ಕತ್ತರಿ ಯಾರ ಹತ್ತಿರ,
ಬಾಬಿನ್ನಿಗೆ ಎದ್ದು ಹೋಗಿ, ಬಂದು,
ಮಗುವನ್ನು ಮೆಲ್ಲಗೆ ಆಚೆ ಹೊರಳಿಸಿ
ಅಡಿಯಿಂದ ಒಂದು ಕಂತೆ ಎಳೆದು.
ಅವಳು ನಿಧಾನ ಅಂತ ಶೆಡ್ಡೆಲ್ಲ ಆಡಿಕೊಳ್ಳುತ್ತಿತ್ತು.
ಅಷ್ಟು ನೇರ ಹೊಲಿಗೆ
ಆ ಶೆಡ್ಡಿನಲ್ಲಿ ಇನ್ನಾರದೂ ಇರಲಿಲ್ಲ.

ಕಟಿಂಗಿನಲ್ಲೇ ಪ್ಯಾಂಟಿನ ಜೊತೆ ಪಟ್ಟಿ ಕಟ್ಟಿಸಿದೆ.
ಗಂಟಿನ ಬದಲು ಕ್ಲಿಪ್ಪು.
ಬಾಬಿನ್ ಸುತ್ತಿ ತಂದಿಡಲು ಒಬ್ಬ ಹುಡುಗ.
ಇವೆಲ್ಲ ಸುಲಭ. ಕಷ್ಟದ್ದು ಒಂದೇ:
ಅವಳು ಎತ್ತಿಕೊಳ್ಳುವವರೆಗೆ ಹಿಂದಿನವರು ಹೊಲಿಯಬೇಡಿ.
ಮಾಬುನ್ನಿ ಕೈ ಕಟ್ಟಿ ಕೂತಳು, ಕಳ್ಳತನ ಮಾಡಿದವಳಂತೆ.
ಮಾಲೀಕರು ಕೂಗಾಡಿದರು:
ಕೂಲಿ ಕೊಡುವುದು ಕೂರುವುದಕ್ಕಾ?
ಹೂಂ ಸಾರ್, ಎಂದೆ. ಸ್ವಲ್ಪ ಹೊತ್ತು ಕೂರುವುದಕ್ಕೂ.

ಇನ್ನೂರ ಅರವತ್ತು. ಇನ್ನೂರ ತೊಂಬತ್ತು.
ಹದಿನೈದು ದಿನಕ್ಕೆ ಮುನ್ನೂರ ಇಪ್ಪತ್ತು.
ಗುಡ್ಡ ಕರಗಿ ನೆಲ ಕಂಡಿತು,
ಅದರಡಿ ಎಂದೋ ಕಳೆದ ಎರಡು ಕತ್ತರಿ, ಒಂದು ಕಾಲ್ಗೆಜ್ಜೆ.

ಸೋಮವಾರ ಮತ್ತೆ ಇನ್ನೂರ ನಲವತ್ತಕ್ಕೆ ಇಳಿಯಿತು.
ಸುತ್ತಿನೊಳಗೆ ಮತ್ತೆ ನಿಂತೆ.
ಸಿಮೆಂಟಿನ ಕಾವಿಗೆ ಎರ್ರಿಸ್ವಾಮಿ ಮಲಗುತ್ತಿಲ್ಲ.
ಅಳುತ್ತಾನೆ. ಅವಳು ಏಳುತ್ತಾಳೆ.
ಒಂದು ಗಂಟೆಗೆ ಒಂಬತ್ತು ಸಲ, ಬರೆದುಕೊಂಡೆ.
ದಂಡ ಅಂತ ನಾನು ಬಳಿದುಹಾಕಿದ ರಾಶಿ
ಅವನ ತೊಟ್ಟಿಲಾಗಿತ್ತು.

ತೂಬಿನ ಹಿಂದೆ ಯಾವಾಗಲೂ
ಒಂದು ಮೊಳ ನೀರು ನಿಲ್ಲಿಸುತ್ತಿದ್ದ ನಮ್ಮಪ್ಪ.
ಯಾಕೆ ಅಂತ ನಾನು ಆಗ ಕೇಳಿರಲಿಲ್ಲ.
ಮಂಗಳವಾರ ಅವಳ ಎಡಕ್ಕೆ
ಎರಡು ಕಂತೆ ಇಡಿಸಿದೆ, ಇಪ್ಪತ್ತನಾಲ್ಕು ಪ್ಯಾಂಟು,
ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ.
ಒಂದು ಹೋದರೆ ಒಂದು ಬರಬೇಕು.
ಪಕ್ಕದಲ್ಲಿ ಬಾಬಿನ್ ಹುಡುಗನದೇ ಎರಡನೇ ಕೆಲಸ:
ಕಂತೆ ಬದಲಿಸುವಾಗ ಮಗುವನ್ನು ಎತ್ತಿ ಹಿಡಿಯುವುದು.
“ಇದೇನು, ರಾಶಿ ಬೇಡ ಅಂದವನು ನೀನೇ?”
ಮಾಲೀಕರ ಬೆರಳು ಕಂತೆಯ ಕಡೆ, ಕಣ್ಣು ಮಗುವಿನ ಕಡೆ.
ರಿಜಿಸ್ಟರಿನಲ್ಲಿ ತೋರಿಸಿದೆ: ಕಾಪು, ಇಪ್ಪತ್ತನಾಲ್ಕು.
ಮಗುವಿನ ಹೆಸರಿಗೆ ಅಲ್ಲಿ ಕಲಂ ಇರಲಿಲ್ಲ.

ಈಗ ಮುನ್ನೂರ ಮೂವತ್ತು.
ಈಚೆಗೆ ಶೇಕ್ಷಾವಲಿಯ ಕಾಜಾ ಮಿಷಿನ್ನಿನ ಮುಂದೆ
ಏನೋ ನೀಲಿಯಾಗಿ ಬೆಳೆಯುತ್ತಿದೆ,
ಮೊನ್ನೆ ಮೊಣಕಾಲು, ಇವತ್ತು ತೊಡೆಯೆತ್ತರ.
ಸೀಮೆಸುಣ್ಣ ಹುಡುಕುತ್ತಿದ್ದೇನೆ.
ಹುಲಿಗೆಮ್ಮ ದಾರ ಕಚ್ಚಿ ತುಂಡರಿಸಿ
ಅತ್ತ ಕತ್ತು ಹೊರಳಿಸುತ್ತಾಳೆ:
“ಅದು ಮೆತ್ತಗೈತೇನ್ ಸಾರ್?”